ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂದ ಕೂಡಲೇ ದುಡ್ಡು ಬಿಚ್ಚಬೇಡಿ

ಚೆಕ್ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕಬೇಕು" ಅನ್ನುತ್ತಾರೆ. ಕೆಲವು ಸಾವಿರ ಕೊಟ್ಟು ಹಾಕಿಸುತ್ತೀರಿ. ಸ್ವಲ್ಪ ದಿನ ಆರಾಮ, ಆಮೇಲೆ ಅದೇ ಲೈಟ್, ಅದೇ ಕೋಡ್. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ, ಈ ಸೆನ್ಸರ್ ಪಾಡು ಅದೇ. ಎಂಜಿನ್ನಿಗೆ ಗಾಳಿ ಜಾಸ್ತಿ ಹೋಗುತ್ತಿದೆ ಅಂತ ಅದು ಸರಿಯಾಗಿಯೇ ಹೇಳಿರುತ್ತದೆ. ಆ ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವ ಬದಲು ಸೆನ್ಸರನ್ನೇ ಕಿತ್ತು ಬಿಸಾಕುತ್ತಾರೆ.

ಹಾಗಂತ ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ. ಕೆಡುತ್ತದೆ. ಒಂದು ಲಕ್ಷ ಕಿಲೋಮೀಟರ್ ದಾಟಿದ ಕಾರಾದರೆ ಅನುಮಾನ ಪಡುವುದರಲ್ಲಿ ತಪ್ಪೂ ಇಲ್ಲ. ಆದರೆ ಅನುಮಾನ ಬೇರೆ, ಸಾಬೀತು ಬೇರೆ. ಬ್ಲೂಟೂತ್ ಅಡಾಪ್ಟರ್, ಡಿಜಿಟಲ್ ಮಲ್ಟಿಮೀಟರ್, ಜೊತೆಗೆ ಬಿಡುವಾದ ಒಂದು ಭಾನುವಾರ ಇದ್ದರೆ ಮನೆ ಮುಂದೆಯೇ ಸಾಬೀತು ಮಾಡಿಕೊಳ್ಳಬಹುದು.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಕಾರಿನ ಮಾತು, ಅದರಲ್ಲೂ ಬಿಎಸ್4 ಅನ್ನುವ ಹೊಗೆ ನಿಯಮದ ಕಾಲದ ನಾಲ್ಕು ಸಿಲಿಂಡರ್ ಕಾರುಗಳದು. ಕಾರು ತನ್ನ ದೋಷವನ್ನು ತಾನೇ ಪತ್ತೆ ಹಚ್ಚಿ ಕೋಡ್ ರೂಪದಲ್ಲಿ ಹೇಳುವ ಓಬಿಡಿ-2 ವ್ಯವಸ್ಥೆ 2013ರ ಏಪ್ರಿಲ್‌ನಿಂದ ನಮ್ಮಲ್ಲಿ ಕಡ್ಡಾಯವಾಯಿತು. ಅಲ್ಲಿಂದೀಚೆಗಿನ ಕಾರಾದರೆ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಇಎಲ್‌ಎಂ327 ಅನ್ನುವ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ತೆರೆದರೆ ಆಯಿತು. ಅದರ ನಂತರದ ನಿಯಮದ ಬಿಎಸ್6 ಕಾರುಗಳಲ್ಲಿ ಒಂದು ವ್ಯತ್ಯಾಸ ಇದೆ, ಮುಂದೆ ಹೇಳುತ್ತೇನೆ.

ಮೊದಲು ಈ ಸೆನ್ಸರ್ ಏನು ಮಾಡುತ್ತದೆ ಅಂತ ಚುಟುಕಾಗಿ ನೋಡೋಣ

ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಒಂದು ಎಂಜಿನ್ನಿಗೂ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ನಡುವೆ, ಇನ್ನೊಂದು ಕನ್ವರ್ಟರ್ ದಾಟಿದ ಮೇಲೆ. ಮುಂದಿನದು ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ ಹೇಳುತ್ತದೆ. ಹಿಂದಿನದರ ಮುಖ್ಯ ಕೆಲಸ ಕನ್ವರ್ಟರ್ ಸರಿಯಾಗಿ ದುಡಿಯುತ್ತಿದೆಯಾ ಅಂತ ಕಾಯುವುದು. ಮೈಲೇಜ್ ಬಿತ್ತು, ಪಿಕಪ್ ಹೋಯಿತು ಅಂತ ದೂರು ಇದ್ದರೆ ಮೊದಲು ಮುಂದಿನದನ್ನು ನೋಡಿ.

ಸೆನ್ಸರಿನ ತುದಿಯಲ್ಲಿ ಜಿರ್ಕೋನಿಯಾ ಅನ್ನುವ ಪಿಂಗಾಣಿ ಇದೆ. ಒಳಬದಿಗೆ ಹೊರಗಿನ ಗಾಳಿ, ಹೊರಬದಿಗೆ ಹೊಗೆ. ಎರಡರಲ್ಲಿರುವ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಅದು ಪುಟ್ಟ ವೋಲ್ಟೇಜ್ ಹುಟ್ಟಿಸುತ್ತದೆ. ಪೆಟ್ರೋಲ್ ಜಾಸ್ತಿ, ಅಂದರೆ ಮಿಶ್ರಣ ರಿಚ್ ಆದರೆ 0.8, 0.9 ವೋಲ್ಟ್. ಗಾಳಿ ಜಾಸ್ತಿ, ಅಂದರೆ ಲೀನ್ ಆದರೆ 0.1ರ ಆಸುಪಾಸು. ನಡುವಿನ ಗೆರೆ 0.45. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ಮೊದಲು ವೋಲ್ವೋ ಕಾರಿನಲ್ಲಿ ಬಂತು, ಅಂದಿನಿಂದ ಮೂಲ ತತ್ವ ಬದಲಾಗಿಲ್ಲ. ಇನ್ನೊಂದು ಮಾತು ನೆನಪಿಡಿ: ತುದಿ ಸುಮಾರು 300 ಡಿಗ್ರಿ ಬಿಸಿಯಾಗುವವರೆಗೆ ಇದು ಬಾಯಿ ಬಿಡುವುದಿಲ್ಲ. ಬೇಗ ಬಿಸಿಯಾಗಲಿ ಅಂತಲೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ, ಮತ್ತು ಪಿಂಗಾಣಿಗಿಂತ ಮೊದಲು ಸಾಯುವುದು ಎಷ್ಟೋ ಸಲ ಆ ಹೀಟರೇ.

ಕೋಡ್ ಬರೆದುಕೊಳ್ಳಿ, ಅಳಿಸಬೇಡಿ

ಅಡಾಪ್ಟರ್ ಹಾಕಿದ ತಕ್ಷಣ ಎಲ್ಲರ ಬೆರಳೂ "ಕ್ಲಿಯರ್" ಬಟನ್ ಮೇಲೆ ಹೋಗುತ್ತದೆ. ಬೇಡ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ. ಲೈಟ್ ಹತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ಗಾಡಿ ಎಷ್ಟು ಸ್ಪೀಡಲ್ಲಿತ್ತು ಎಲ್ಲ ಅದರಲ್ಲಿದೆ. ಅಳಿಸಿದರೆ ಅದೂ ಹೋಯಿತು. ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಲೈಟ್ ಆರಿಸುವವರೂ ಇದೇ ಸಾಕ್ಷಿಯನ್ನು ಅಳಿಸುತ್ತಾರೆ.

ಈಗ ಕೋಡ್ ಓದೋಣ. ಪಿ0135 ಅಂದರೆ ಮುಂದಿನ ಸೆನ್ಸರಿನ ಹೀಟರ್ ಸರ್ಕ್ಯೂಟ್, ಪಿ0141 ಅಂದರೆ ಹಿಂದಿನದರ ಹೀಟರ್. ಇವೆರಡು ಬಂದರೆ ಸೆನ್ಸರ್ ಅಥವಾ ಅದರ ಫ್ಯೂಸು, ವೈರಿನಲ್ಲೇ ತೊಂದರೆ, ಹುಡುಕಾಟ ಸುಲಭ. ಪಿ0134 ಅಂದರೆ ಮುಂದಿನ ಸೆನ್ಸರಿನಿಂದ ಸದ್ದೇ ಇಲ್ಲ. ಪಿ0133 ಅಂದರೆ ನಿಧಾನವಾಗಿ ಉತ್ತರ ಕೊಡುತ್ತಿದೆ, ವಯಸ್ಸಾದ ಸೆನ್ಸರಿನ ಲಕ್ಷಣ. ಪಿ0131 ವೋಲ್ಟೇಜ್ ತೀರಾ ಕಡಿಮೆ, ಪಿ0132 ತೀರಾ ಜಾಸ್ತಿ. ಈ ಎರಡಕ್ಕೂ ಸೆನ್ಸರ್ ಹೊರತಾಗಿ ಹತ್ತು ಕಾರಣ ಇರಬಹುದು. ಇನ್ನು ಪಿ0171 ಮತ್ತು ಪಿ0172, ಅಂದರೆ ಲೀನ್ ಮತ್ತು ರಿಚ್ ಕೋಡ್‌ಗಳನ್ನು ನೋಡಿ ಆಕ್ಸಿಜನ್ ಸೆನ್ಸರ್ ಮಾರುವವರನ್ನು ಕಂಡರೆ ಸುಮ್ನೆ ಎದ್ದು ಬನ್ನಿ. ಅವು ಹೆಚ್ಚಾಗಿ ಸೆನ್ಸರ್ ನೆಟ್ಟಗಿದೆ, ಎಂಜಿನ್ ನೆಟ್ಟಗಿಲ್ಲ ಅಂತ ಹೇಳುವ ಕೋಡ್‌ಗಳು. ಪಿ0420 ಕೂಡ ಹಾಗೇ: ಅದು ಕನ್ವರ್ಟರ್ ಬಗ್ಗೆ, ಹಿಂದಿನ ಸೆನ್ಸರ್ ಬಗ್ಗೆ ಅಲ್ಲ.

ಕಣ್ಣು, ಕಿವಿ ಬಳಸಿ

ಬಾನೆಟ್ ಎತ್ತಿ ಟಾರ್ಚ್ ಹಿಡಿದು ಸೆನ್ಸರಿನಿಂದ ಹೊರಡುವ ವೈರನ್ನು ಕಪ್ಲರ್‌ವರೆಗೆ, ಅಂದರೆ ವೈರ್ ಜೋಡಿಸುವ ಪ್ಲಗ್‌ವರೆಗೆ ಬೆರಳಲ್ಲಿ ಸವರುತ್ತಾ ಹೋಗಿ, ಎಂಜಿನ್ ತಣ್ಣಗಿದ್ದಾಗ. ನಮ್ಮಲ್ಲಿ ಮೊದಲ ಶತ್ರು ಇಲಿ. ಮಳೆಗಾಲದಲ್ಲಂತೂ ಎಂಜಿನ್ ಬೆಚ್ಚಗಿರುತ್ತದೆ ಅಂತ ಒಳಗೆ ಬಂದು ಕೂರುತ್ತವೆ. ಗೆಳೆಯರೊಬ್ಬರ ಕಾರಿನಲ್ಲಿ ಪಿ0131 ಬರುತ್ತಿತ್ತು, ಹೊಸ ಸೆನ್ಸರ್ ತರಿಸುವ ಮಾತೂ ಆಗಿತ್ತು. ನೋಡಿದರೆ ಕಪ್ಲರಿನಿಂದ ಒಂದು ಗೇಣು ಈಚೆ ಸಿಗ್ನಲ್ ವೈರಿನ ಮೇಲ್ಗವಚವನ್ನು ಇಲಿ ಅಕ್ಕಿ ಕಾಳಿನಷ್ಟು ಕಚ್ಚಿತ್ತು, ಒಳಗಿನ ತಾಮ್ರ ಬ್ರಾಕೆಟ್ಟಿಗೆ ತಾಗಿ ನೆಲಕ್ಕೆ ಶಾರ್ಟ್ ಆಗುತ್ತಿತ್ತು. ಬರೀ ನೋಡಿದರೆ ಕಾಣುವಂಥದ್ದಲ್ಲ, ಬೆರಳಿಗೆ ಒರಟಾಗಿ ಸಿಕ್ಕಿತು.

ಕಪ್ಲರ್ ಬಿಚ್ಚಿ ಪಿನ್‌ಗಳನ್ನು ನೋಡಿ. ಹಸಿರು ಕಿಲುಬು, ನೀರಿನ ಪಸೆ, ಸಡಿಲವಾದ ಪಿನ್ ಇದ್ದರೆ ಅಲ್ಲೇ ಉತ್ತರ ಸಿಕ್ಕ ಹಾಗೆ. ಹಿಂದಿನ ಸೆನ್ಸರ್ ಕಾರಿನ ಅಡಿಯಲ್ಲಿ ಇರುವುದರಿಂದ ಹಂಪ್‌ಗೆ ಉಜ್ಜಿ ವೈರ್ ಜಜ್ಜಿರುವುದೂ ಉಂಟು.

ಆಮೇಲೆ ಸೈಲೆನ್ಸರ್ ಸೋರಿಕೆ. ಇದು ತುಂಬಾ ಜನ ಮರೆಯುವ ಕಡೆ. ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಕೊಳವೆಯ ಗ್ಯಾಸ್ಕೆಟ್ ಹತ್ತಿರ ಒಂದು ಕೂದಲೆಳೆ ಬಿರುಕಿದ್ದರೂ ಹೊಗೆ ಹೊರಗೆ ಹೋಗುವುದರ ಜೊತೆಗೆ ಪ್ರತಿ ಬಡಿತದ ನಡುವೆ ಹೊರಗಿನ ಗಾಳಿ ಒಳಗೂ ಎಳೆಯಲ್ಪಡುತ್ತದೆ, ಸೆನ್ಸರ್ ಆ ಗಾಳಿಯನ್ನು ನೋಡಿ ಲೀನ್ ಅನ್ನುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ, ನಿಮ್ಮ ಮೈಲೇಜ್ ಬೀಳುತ್ತದೆ. ಬೆಳಗ್ಗೆ ಮೊದಲ ಸ್ಟಾರ್ಟಿಗೆ ಎಂಜಿನ್ ಬಳಿ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಲ್ಲುತ್ತದಾ ಕೇಳಿ. ಜೋಡಣೆಯ ಹತ್ತಿರ ಕಪ್ಪು ಮಸಿಯ ಗೆರೆ ಇದೆಯಾ ನೋಡಿ. ಇದ್ದರೆ ಮೊದಲು ಗ್ಯಾಸ್ಕೆಟ್ ಸರಿ ಮಾಡಿಸಿ, ಸೆನ್ಸರ್ ಮಾತು ಆಮೇಲೆ.

ಎಂಜಿನ್ ಬಿಸಿ ಮಾಡಿ ಗ್ರಾಫ್ ನೋಡಿ

ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿ ಬನ್ನಿ. ಆ್ಯಪ್‌ನಲ್ಲಿ ಫ್ಯುಯಲ್ ಸಿಸ್ಟಮ್ ಸ್ಟೇಟಸ್ "ಕ್ಲೋಸ್ಡ್ ಲೂಪ್" ಅಂತ ತೋರಿಸಬೇಕು. ಹಾಗಂದರೆ ಇಸಿಯು ಸೆನ್ಸರಿನ ಮಾತು ಕೇಳುತ್ತಿದೆ ಅಂತ. ಈಗ ಬ್ಯಾಂಕ್ 1 ಸೆನ್ಸರ್ 1ರ, ಅಂದರೆ ಮುಂದಿನ ಸೆನ್ಸರಿನ ವೋಲ್ಟೇಜ್ ಒಂದನ್ನೇ ಗ್ರಾಫಿಗೆ ಹಾಕಿ. ಒಂದನ್ನೇ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಗ್ಗದ ಅಡಾಪ್ಟರ್ ನಿಧಾನ, ಆರೇಳು ರೀಡಿಂಗ್ ಒಟ್ಟಿಗೆ ಕೇಳಿದರೆ ಎರಡು ಸೆಕೆಂಡಿಗೊಮ್ಮೆ ಒಂದು ಅಂಕಿ ಕೊಡುತ್ತದೆ, ಆಗ ಒಳ್ಳೆಯ ಸೆನ್ಸರೂ ಸೋಮಾರಿಯ ಹಾಗೆ ಕಾಣುತ್ತದೆ.

ಆಕ್ಸಿಲರೇಟರ್ ಒತ್ತಿ 2,000ದಿಂದ 2,500 ಆರ್‌ಪಿಎಂ ಹಿಡಿದಿಡಿ. ಮುಂದಿನ ಸೆನ್ಸರ್ ಆರೋಗ್ಯವಾಗಿದ್ದರೆ 0.1 ಮತ್ತು 0.9ರ ನಡುವೆ ಬಿಡದೆ ಏರಿಳಿಯುತ್ತದೆ, ಹತ್ತು ಸೆಕೆಂಡಿನಲ್ಲಿ ಏಳೆಂಟು ಸಲವಾದರೂ ನಡುಗೆರೆ ದಾಟುತ್ತದೆ. 0.3ರಿಂದ 0.6ರೊಳಗೆ ಸುಸ್ತಾಗಿ ಓಲಾಡುತ್ತಿದ್ದರೆ ಮುಪ್ಪು ಬಂದಿದೆ. 0.45ರಲ್ಲಿ ಗೆರೆ ಎಳೆದ ಹಾಗೆ ನಿಂತಿದ್ದರೆ ಹಲವು ಕಾರುಗಳಲ್ಲಿ ಅದು ಸೆನ್ಸರಿನ ಅಂಕಿಯೇ ಅಲ್ಲ, ಇಸಿಯು ತಾನೇ ಕಳಿಸುವ ವೋಲ್ಟೇಜ್. ಅಂದರೆ ಸೆನ್ಸರ್ ತಣ್ಣಗಿದೆ ಅಥವಾ ವೈರ್ ತುಂಡಾಗಿದೆ. ಸೊನ್ನೆಗೆ ಅಂಟಿಕೊಂಡಿದ್ದರೆ ಶಾರ್ಟ್, ಸೋರಿಕೆ, ಇಲ್ಲವೇ ನಿಜವಾಗಿ ಲೀನ್.

ಹಿಂದಿನ ಸೆನ್ಸರ್ ಇದಕ್ಕೆ ತದ್ವಿರುದ್ಧ. ಅದು 0.6, 0.7ರ ಹತ್ತಿರ ಹೆಚ್ಚು ಅಲ್ಲಾಡದೆ ಇರಬೇಕು. ಮುಂದಿನದರ ಹಾಗೆ ಕುಣಿಯುತ್ತಿದ್ದರೆ ಕನ್ವರ್ಟರ್ ಸತ್ತಿದೆ, ಸೆನ್ಸರ್ ಪಾಪ ಸರಿಯಾಗಿಯೇ ಇದೆ.

ಬಿಎಸ್6 ಕಾರಿನವರು ಇಲ್ಲಿ ಹುಷಾರು. ಹಲವು ಹೊಸ ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್, ಏರ್ ಫ್ಯುಯಲ್ ಸೆನ್ಸರ್ ಅಂತಲೂ ಹೇಳುತ್ತಾರೆ. ಅದು 0.1, 0.9 ಅಂತ ಕುಣಿಯುವುದಿಲ್ಲ. ಆ್ಯಪ್‌ನಲ್ಲಿ ಲ್ಯಾಂಬ್ಡಾ ಅಂಕಿ, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ, 1.00ರ ಆಸುಪಾಸು ಸಣ್ಣಗೆ ಅಲ್ಲಾಡುತ್ತಿದ್ದರೆ ಅದು ಆರೋಗ್ಯದ ಲಕ್ಷಣ. ಗ್ರಾಫ್ ಚಪ್ಪಟೆ ಇದೆ ಅಂತ ಒಳ್ಳೆಯ ಸೆನ್ಸರ್ ಬಿಸಾಕಬೇಡಿ, ಇದರ ಬೆಲೆಯೂ ಜಾಸ್ತಿ.

ಫ್ಯುಯಲ್ ಟ್ರಿಮ್: ಅಸಲಿ ವಿಷಯ ಇಲ್ಲಿದೆ

ಸೆನ್ಸರ್ ಲೀನ್ ಅಂದಾಗ ಇಸಿಯು ಪೆಟ್ರೋಲ್ ಸೇರಿಸುತ್ತದೆ, ರಿಚ್ ಅಂದಾಗ ಕಡಿಮೆ ಮಾಡುತ್ತದೆ. ಎಷ್ಟು ಸೇರಿಸಿತು, ಎಷ್ಟು ಕಳೆಯಿತು ಅನ್ನುವ ಲೆಕ್ಕವೇ ಫ್ಯುಯಲ್ ಟ್ರಿಮ್. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಬಹಳ ದಿನದ ಅನುಭವದ್ದು. ಎರಡನ್ನೂ ಕೂಡಿದರೆ ಪ್ಲಸ್ ಅಥವಾ ಮೈನಸ್ 10 ಶೇಕಡಾ ಒಳಗಿದ್ದರೆ ಚಿಂತೆ ಇಲ್ಲ.

ಟ್ರಿಮ್ ಪ್ಲಸ್ 20 ತೋರಿಸುತ್ತಿದೆ ಅಂದುಕೊಳ್ಳಿ, ಆದರೆ ಸೆನ್ಸರ್ ಮಾತ್ರ ಲಕ್ಷಣವಾಗಿ ಏರಿಳಿಯುತ್ತಿದೆ. ಸೋರಿಕೆಯನ್ನು ಮೊದಲೇ ನೋಡಿ ಮುಗಿಸಿದ್ದರೆ ಸೆನ್ಸರ್ ಪಾಸ್. ಅದು ಲೀನ್ ಅಂತ ಕಂಡುಹಿಡಿಯಿತು, ಇಸಿಯು 20 ಶೇಕಡಾ ಪೆಟ್ರೋಲ್ ಸೇರಿಸಿ ಸರಿದೂಗಿಸಿತು. ಇನ್ನು ಆ ಹೆಚ್ಚಿನ ಗಾಳಿ ಎಲ್ಲಿಯದು ಅಂತ ಟ್ರಿಮ್ಮೇ ಸುಳಿವು ಕೊಡುತ್ತದೆ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದದ್ದು 2,500 ಆರ್‌ಪಿಎಂಗೆ ಪ್ಲಸ್ 5ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್; ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಹತ್ತಿರದ ರಬ್ಬರ್ ಪೈಪುಗಳು ಬಿರಿದಿರುತ್ತವೆ. ಉಲ್ಟಾ ಆದರೆ, ಅಂದರೆ ಐಡ್ಲಿಂಗ್‌ನಲ್ಲಿ ಸರಿ ಇದ್ದು ರೇಸ್ ಮಾಡಿದಾಗ, ಘಾಟಿ ಹತ್ತಿಸಿದಾಗ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಫ್ಯುಯಲ್ ಪಂಪ್, ಫಿಲ್ಟರ್, ಅಥವಾ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದೆ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೂ ಉರಿಯದೆ ಉಳಿದ ಆಮ್ಲಜನಕ ನೋಡಿ ಸೆನ್ಸರ್ ಲೀನ್ ಅನ್ನುತ್ತದೆ. ಪ್ಲಗ್, ಕಾಯಿಲ್ ನೋಡದೆ ಮುಂದೆ ಹೋಗಬೇಡಿ.

ಇನ್ನೊಂದು ಸನ್ನಿವೇಶ. ಸೆನ್ಸರ್ 0.1ರಲ್ಲಿ ಅಂಟಿಕೊಂಡು ಲೀನ್ ಲೀನ್ ಅನ್ನುತ್ತಿದೆ, ಟ್ರಿಮ್ ಪ್ಲಸ್ 25, ಆದರೆ ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಬರುತ್ತಿದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿದು ಕಪ್ಪಾಗಿದೆ. ಎರಡು ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಅಲ್ವಾ? ಆಗ ಸುಳ್ಳು ಹೇಳುತ್ತಿರುವುದು ಸೆನ್ಸರ್, ಅದರ ವೈರ್, ಇಲ್ಲವೇ ಸೈಲೆನ್ಸರ್ ಸೋರಿಕೆ. ಇದಕ್ಕೊಂದು ಅಗ್ಗದ ಸಾಕ್ಷಿ ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ಅಂಗಡಿಯಲ್ಲೇ ಸಿಗುತ್ತದೆ. ಬಿಎಸ್4 ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ 0.3 ಶೇಕಡಾ. ಸೆನ್ಸರ್ ಲೀನ್ ಅನ್ನುತ್ತಿರುವಾಗ ಅಲ್ಲಿನ ಮೆಷಿನ್ 1, 2 ಶೇಕಡಾ ತೋರಿಸಿದರೆ ಎಂಜಿನ್ ರಿಚ್ ಓಡುತ್ತಿದೆ. ಪೈಪನ್ನು ನಿಜವಾಗಿ ಸೈಲೆನ್ಸರ್ ಒಳಗೆ ಇಟ್ಟು ಟೆಸ್ಟ್ ಮಾಡುವ ಕಡೆ ಹೋಗಿ ಅಷ್ಟೇ.

ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟರು, ಈಗ ಎಲ್ಲ ಕಡೆ ಇದೇ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು, ಹಾಗಾಗಿ ಇ20ಗೆ ಸುಮಾರು 13.5. ಅದೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಹಳೆಯ ಕಾರಿನಲ್ಲಿ ಟ್ರಿಮ್ ಕೆಲವು ಅಂಕ ಪ್ಲಸ್ ಕಡೆ ವಾಲಿದರೆ ಗಾಬರಿ ಬೀಳಬೇಡಿ.

ಬೇಕಂತಲೇ ರಿಚ್ ಮಾಡಿ, ಲೀನ್ ಮಾಡಿ

ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್. ಬಿಸಿ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಜೋರಾಗಿ ಒಮ್ಮೆ ಒತ್ತಿ ಪಟ್ಟನೆ ಬಿಡಿ. ವೋಲ್ಟೇಜ್ 0.8 ದಾಟಿ ಮೇಲೆದ್ದು, ಬಿಟ್ಟ ಕೂಡಲೇ 0.1ರತ್ತ ಬೀಳಬೇಕು. ಇದಕ್ಕೂ ಅಲ್ಲಾಡದಿದ್ದರೆ ಏರ್ ಫಿಲ್ಟರ್ ದಾಟಿದ ಪೈಪಿನೊಳಗೆ ಕಾರ್ಬ್ ಕ್ಲೀನರ್ ಒಂದೇ ಒಂದು ಚೂರು ಸ್ಪ್ರೇ ಮಾಡಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ, ತಮಾಷೆ ಅಲ್ಲ. ರಿಚ್ ಆಗಿ ವೋಲ್ಟೇಜ್ ಏರಿದರೆ ಸೆನ್ಸರ್ ಬದುಕಿದೆ. ಲೀನ್ ಪರೀಕ್ಷೆಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿದರೆ ಸಾಕು, ವೋಲ್ಟೇಜ್ ಬೀಳಬೇಕು. ಎರಡೂ ಕಡೆಗೆ ಚುರುಕಾಗಿ ಓಡುವ ಸೆನ್ಸರ್ ಬದಲಿಸುವುದು ದುಡ್ಡು ಚೆಲ್ಲಿದ ಹಾಗೆ.

ಹಳೇ ಮೆಕ್ಯಾನಿಕ್‌ಗಳ ಒಂದು ಉಪಾಯ ಉಂಟು: ಕಪ್ಲರ್ ಬಿಚ್ಚಿ ಗಾಡಿ ಓಡಿಸಿ ನೋಡುವುದು. ಆಗ ಇಸಿಯು ಸೆನ್ಸರನ್ನು ಬಿಟ್ಟು ತನ್ನ ಮೂಲ ಲೆಕ್ಕದ ಮೇಲೆ ನಡೆಯುತ್ತದೆ. ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿದರೆ ಸೆನ್ಸರಿನ ಸಿಗ್ನಲ್ ದಾರಿ ತಪ್ಪಿಸುತ್ತಿತ್ತು ಅಂತ ಅರ್ಥ. ಒರಟು ಪರೀಕ್ಷೆ, ಆದರೆ ಕೆಲಸಕ್ಕೆ ಬರುತ್ತದೆ. ಕೋಡ್ ಹೊಸದೊಂದು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹೊರಗೆ ಹಾಕಿಸಿದ ಕಾರಾದರೆ ಈ ಪರೀಕ್ಷೆಗಳನ್ನೆಲ್ಲ ಪೆಟ್ರೋಲ್ ಮೇಲೆಯೇ ಮಾಡಿ. ಕೆಲವು ಕಿಟ್‌ಗಳಲ್ಲಿ ಎಮ್ಯುಲೇಟರ್ ಇರುತ್ತದೆ, ಗ್ಯಾಸ್ ಮೇಲೆ ಓಡುವಾಗ ಅದು ಇಸಿಯುಗೆ ನಕಲಿ ಸಿಗ್ನಲ್ ಕಳಿಸುತ್ತದೆ. ನೀವು ನೋಡುವ ಅಂದದ ಗ್ರಾಫ್ ಅದರದ್ದೇ ಆಗಿರಬಹುದು. ಸಿಗ್ನಲ್ ವೈರ್ ಕತ್ತರಿಸಿ ಟೇಪ್ ಸುತ್ತಿ ಅದನ್ನು ಜೋಡಿಸಿರುತ್ತಾರೆ, ಆ ಟೇಪ್ ಒಳಗೂ ಒಮ್ಮೆ ನೋಡಿ.

ಹೀಟರ್ ಪರೀಕ್ಷೆ

ಎಂಜಿನ್ ತಣ್ಣಗಿರಲಿ. ಕಪ್ಲರ್ ಬಿಚ್ಚಿ. ನಾಲ್ಕು ವೈರಿನ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು ವೈರ್ ಸಾಮಾನ್ಯವಾಗಿ ಹೀಟರಿನದು; ಬಾಷ್‌ನಲ್ಲಿ ಎರಡು ಬಿಳಿ, ಡೆನ್ಸೋದಲ್ಲಿ ಎರಡು ಕಪ್ಪು. ಸೆನ್ಸರ್ ಕಡೆಯ ಆ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದು ಓಮ್ಸ್ ನೋಡಿ. ಮಾಡೆಲ್ ಮೇಲೆ ಹೋಗುತ್ತದೆ, ಆದರೂ ಹೆಚ್ಚಿನವು 3ರಿಂದ 15 ಓಮ್ಸ್ ಒಳಗಿರುತ್ತವೆ. ಮೀಟರ್ "ಓಎಲ್" ಅಂದರೆ ಹೀಟರ್ ತುಂಡಾಗಿದೆ, ಸೆನ್ಸರ್ ಬದಲಿಸಲೇಬೇಕು, ಇದರಲ್ಲಿ ವಾದ ಇಲ್ಲ. ಹೀಟರ್ ಸರಿ ಇದ್ದೂ ಪಿ0135 ಬರುತ್ತಿದ್ದರೆ ಗಾಡಿ ಕಡೆಯ ಕಪ್ಲರ್‌ನಲ್ಲಿ, ಎಂಜಿನ್ ಸ್ಟಾರ್ಟ್ ಮಾಡಿ, ಸಪ್ಲೈ ಪಿನ್ನಿಗೆ 12 ವೋಲ್ಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ಫ್ಯೂಸ್. ಹತ್ತು ರೂಪಾಯಿಯ ಫ್ಯೂಸಿಗೆ ಸಾವಿರಾರು ರೂಪಾಯಿಯ ಸೆನ್ಸರ್ ಬಲಿಯಾದ ಉದಾಹರಣೆ ಬೇಕಾದಷ್ಟಿವೆ.

ಸಿಗ್ನಲ್ ವೈರುಗಳಿಗೆ ಮಾತ್ರ ಓಮ್ಸ್ ಇಟ್ಟು ಅಳೆಯಬೇಡಿ, ಮೀಟರಿನ ಕರೆಂಟ್ ಸೆನ್ಸರನ್ನೇ ಹಾಳು ಮಾಡಬಹುದು. ಸಿಗ್ನಲ್ ವೋಲ್ಟೇಜ್ ನೋಡಬೇಕಾದರೆ ಕಪ್ಲರ್ ಜೋಡಿಸಿಟ್ಟು ಹಿಂಬದಿಯಿಂದ ತೆಳು ಪಿನ್ ತೂರಿಸಿ. ವೈರಿನ ಮೈಗೆ ಸೂಜಿ ಚುಚ್ಚಿದರೆ ಮಳೆಗಾಲದಲ್ಲಿ ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರಾಗುತ್ತದೆ, ಮುಂದಿನ ವರ್ಷ ಇನ್ನೊಂದು ಕೋಡ್.

ಸಾಬೀತಾಯಿತು, ಈಗ ಬಿಚ್ಚೋಣ

22 ಎಂಎಂ ಸ್ಪ್ಯಾನರ್, ಅಥವಾ ವೈರಿಗೆ ಸೀಳು ಬಿಟ್ಟಿರುವ ಸೆನ್ಸರ್ ಸಾಕೆಟ್. ಹಿಂದಿನ ರಾತ್ರಿಯೇ ಥ್ರೆಡ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಚ್ಚುವಾಗ ಸೈಲೆನ್ಸರ್ ಉಗುರು ಬೆಚ್ಚಗಿದ್ದರೆ ಸಲೀಸು. ಜಿದ್ದಿಗೆ ಬಿದ್ದು ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ, ಆಮೇಲೆ ವೆಲ್ಡಿಂಗ್ ಅಂಗಡಿಯೇ ಗತಿ.

ಹೊರಬಂದ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ. ತಿಳಿ ಬೂದು ಅಥವಾ ಕಂದು ಬಣ್ಣ ಸಹಜ. ಒಣ ಕಪ್ಪು ಮಸಿ ಅಂದರೆ ಎಂಜಿನ್ ರಿಚ್ ಓಡಿದೆ. ಕಂದು ಬಣ್ಣದ ಗಟ್ಟಿ ಪದರ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಪುಡಿ ಮೆತ್ತಿದ್ದರೆ ಕೂಲಂಟ್ ಉರಿಯುತ್ತಿರಬಹುದು, ಇಲ್ಲವೇ ಎಲ್ಲೋ ಮಾಮೂಲಿ ಸಿಲಿಕೋನ್ ಗಮ್ ಬಳಿದು ಎಂಜಿನ್ ಕೂಡಿಸಿದ್ದಾರೆ. ಈ ಮೂಲ ರೋಗ ಸರಿಪಡಿಸದೆ ಹೊಸ ಸೆನ್ಸರ್ ಹಾಕಿದರೆ ಅದಕ್ಕೂ ಅದೇ ಗತಿ. ಪೆಟ್ರೋಲಿನಲ್ಲಿ ತೊಳೆದು ಬ್ರಶ್ ಹಾಕಿ ಉಜ್ಜುವ ಚಿಕಿತ್ಸೆ ನನಗೆ ನಂಬಿಕೆ ಇಲ್ಲ. ಸಿಲಿಕೋನ್ ಹಿಡಿದ ಪಿಂಗಾಣಿ ತೊಳೆದರೆ ಮರಳಿ ಬರುವುದಿಲ್ಲ.

ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ, ಅಲ್ಲಿ ಅಸಲಿಯೂ ಸಿಗುತ್ತದೆ, ಅದೇ ಡಬ್ಬಿಯಲ್ಲಿ ನಕಲಿಯೂ ಸಿಗುತ್ತದೆ. ಬಿಲ್ ಕೊಡದ ಅಂಗಡಿಯಲ್ಲಿ ತಗೊಳ್ಳಬೇಡಿ. ಮುಂದಿನದು, ಹಿಂದಿನದು ನೋಡಲು ಒಂದೇ ಥರ ಇದ್ದರೂ ವೈರಿನ ಉದ್ದ, ಕಪ್ಲರ್, ಹೀಟರ್ ಬೇರೆ ಇರಬಹುದು. ವೈರ್ ಕತ್ತರಿಸಿ ಜೋಡಿಸುವ "ಯೂನಿವರ್ಸಲ್" ಸೆನ್ಸರಿನಿಂದ ದೂರ ಇರಿ. ಹಲವು ಸೆನ್ಸರುಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕಪ್ಲರ್‌ಗೆ ಗ್ರೀಸ್ ತುಂಬಬಾರದು ಅನ್ನುವುದೂ ಇದಕ್ಕೇ.

ಹೊಸದರ ಥ್ರೆಡ್‌ಗೆ, ಕಚ್ಚಿಕೊಳ್ಳದಿರಲಿ ಅಂತ ಆ್ಯಂಟಿ ಸೀಜ್ ಪೇಸ್ಟ್ ಸಾಮಾನ್ಯವಾಗಿ ಹಚ್ಚಿಯೇ ಬರುತ್ತದೆ. ನೀವೇ ಹಚ್ಚುವುದಾದರೆ ಥ್ರೆಡ್‌ಗೆ ಮಾತ್ರ, ತುದಿಗೆ ಬೆರಳೂ ತಾಕಿಸಬೇಡಿ. ಕೈಯಲ್ಲಿ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ 40ರಿಂದ 50 ನ್ಯೂಟನ್ ಮೀಟರ್ ಬಿಗಿ. ನೆಲಕ್ಕೆ ಬಿದ್ದ ಸೆನ್ಸರ್ ಹಾಕಬೇಡಿ, ಒಳಗಿನ ಪಿಂಗಾಣಿ ಸೀಳಿರಬಹುದು.

ಈಗ ಕೋಡ್ ಅಳಿಸಿ. ಲಾಂಗ್ ಟರ್ಮ್ ಟ್ರಿಮ್ ಹಳೆಯ ಸೆನ್ಸರಿನ ಸುಳ್ಳನ್ನು ಕಲಿತಿರುತ್ತದೆ, ಅದನ್ನೂ ರೀಸೆಟ್ ಮಾಡಿ. ಸಿಟಿ ಟ್ರಾಫಿಕ್ಕೂ ಹೈವೇಯೂ ಸೇರಿ ಒಂದಷ್ಟು ದೂರ ಓಡಿಸಿ ಬಂದು ಮತ್ತೆ ಅದೇ ಗ್ರಾಫ್, ಅದೇ ಟ್ರಿಮ್ ನೋಡಿ, ಹಳೆಯ ಸ್ಕ್ರೀನ್‌ಶಾಟ್ ಪಕ್ಕದಲ್ಲಿಟ್ಟು ಹೋಲಿಸಿ. ಆ್ಯಪ್‌ನ ರೆಡಿನೆಸ್ ಪುಟದಲ್ಲಿ ಆಕ್ಸಿಜನ್ ಸೆನ್ಸರ್ ಮತ್ತು ಹೀಟರ್ ಮಾನಿಟರ್ ಎರಡೂ "ಕಂಪ್ಲೀಟ್" ಆಗುವವರೆಗೆ ಇಸಿಯು ಇನ್ನೂ ಪರೀಕ್ಷೆ ಮುಗಿಸಿಲ್ಲ, ಅಲ್ಲಿಯವರೆಗೆ ಲೈಟ್ ಆರಿದೆ ಅಂತ ಹಳೆಯ ಸೆನ್ಸರ್ ಬಿಸಾಕಬೇಡಿ, ಅಂಗಡಿಯ ಬಿಲ್ಲಿನ ಜೊತೆಗೇ ಇಟ್ಟಿರಿ.